ಇಳಿದವರೆಲ್ಲ ಕಾಣುವ ತನಕ

ನಾನು ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ. ಸಾರು ರುಚಿಯಾಗಿದ್ದರೆ ಇನ್ನೊಂದು ಸಲ ಹಾಕಿಸಿಕೊಳ್ಳುತ್ತೇನೆಯೇ ಹೊರತು ಬಾಯಿಬಿಟ್ಟು ಹೇಳುವುದಿಲ್ಲ ಎಂದು ನನ್ನ ಹೆಂಡತಿ ವೆಂಕಮ್ಮ ಮದುವೆಯಾದಾಗಿನಿಂದ ದೂರುತ್ತಿದ್ದಾಳೆ. ಆದರೆ ತುಮರಿ ಕಡೆಯ ಸುಷ್ಮಾಳ ಮಾತು ಬಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವಳನ್ನು ಮೊದಲು ಕಂಡದ್ದು ಸಿಗಂದೂರಿಗೆ ಸೇತುವೆ ಆಗುವ ಮುಂಚೆ, ಹೊಳೆಬಾಗಿಲಿನ ದಡದಲ್ಲಿ. ಅವಳು ತನ್ನ ಟ್ರ್ಯಾಕ್ಟರನ್ನು ಟ್ರೈಲರ್ ಸಮೇತ, ಹಿನ್ನೀರು ದಾಟಿಸುವ ಲಾಂಚಿಗೆ ಹಿಮ್ಮುಖವಾಗಿ ಹತ್ತಿಸಬೇಕಿತ್ತು. ಅದೊಂದು ತಲೆಕೆಟ್ಟ ವ್ಯವಹಾರ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಓಡುತ್ತದೆ. ಟ್ರೈಲರಿನಲ್ಲಿದ್ದ ಹೆಂಗಸರು ಇಳಿದಾಗಿತ್ತು. ಆದರೂ ಇವಳು ಕದಲಲಿಲ್ಲ. ಸರದಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದ ನಾನು ಹಾರ್ನ್ ಹೊಡೆದೇ ಹೊಡೆದೆ.

"ಕೆರಿಯಮ್ಮತ್ತೆ ಕಾಣ್ತಿಲ್ಲ. ಇಳಿದೋರೆಲ್ಲ ಕಣ್ಣಿಗೆ ಬೀಳೋ ತನಕ ನಾ ಹಿಂದೆ ಹೋಗಲ್ಲ" ಎಂದಳು.

ಕೆರಿಯಮ್ಮ ಅಂಗಡಿಯಿಂದ ಎಲೆ ಅಡಿಕೆ ಜಗಿಯುತ್ತ ನಿಧಾನಕ್ಕೆ ಬಂದಳು. ಆಮೇಲೆ ನೋಡಿ, ಎರಡೂ ಬದಿಗೆ ನೀರು, ಟ್ರೈಲರ್ ಒಂದೇ ಏಟಿಗೆ ಲಾಂಚಿನೊಳಗೆ ಹೋಗಿ ಕೂತಿತು. ನಾನು ಹಾರ್ನ್ ಮೇಲಿನ ಕೈ ತೆಗೆಯುವುದನ್ನೇ ಮರೆತಿದ್ದೆ.

ಸೇತುವೆ ಬಂತು. ಅಡಿಕೆ ಮಂಡಿಯನ್ನು ಮಗನಿಗೆ ಬಿಟ್ಟ ನನಗೆ ಹೊಸ ಹುಚ್ಚು ಹಿಡಿಯಿತು. ಬಸ್ಸೊಂದನ್ನು ಕೊಂಡು, ಒಳಗೆ ಮಂಚ, ಅಡುಗೆಮನೆ, ಕಕ್ಕಸು ಎಲ್ಲ ಮಾಡಿಸಿ, ಪ್ರವಾಸಿಗರನ್ನು ತೀರ್ಥಹಳ್ಳಿ, ಹೊಸನಗರ, ಸಾಗರ ಸುತ್ತಿಸುವ ಹುಚ್ಚು. ಬಿಸಿನೀರ ಸ್ನಾನವಿಲ್ಲದೆ ಮಲೆನಾಡಿನಲ್ಲಿ ಎಂಥ ಪ್ರವಾಸ? ಒಲೆ, ತಾಮ್ರದ ಹಂಡೆ, ನೀರಿನ ಟ್ಯಾಂಕು ಹೊತ್ತ ಟ್ರೈಲರೊಂದನ್ನೂ ಹಿಂದೆ ಕಟ್ಟಿದೆ.

ಡ್ರೈವರ್ ಕೆಲಸ ಕೇಳಿಕೊಂಡು ಸುಷ್ಮಾ ಬಂದಳು. ಗಂಡ ನಾಗೇಂದ್ರ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ; ಟ್ರ್ಯಾಕ್ಟರ್ ಮಾರಿ ಆಗಿತ್ತು. ಈ ಕೆಲಸ ಸಿಗದಿದ್ದರೆ ಮನೆ ನಡೆಯುವುದು ಕಷ್ಟ ಎಂದು ನೇರವಾಗಿಯೇ ಹೇಳಿದಳು. ನಾನು ಒಪ್ಪಿಬಿಡುತ್ತಿದ್ದೆ. ಸಾಗರದ ಡ್ರೈವಿಂಗ್ ಸ್ಕೂಲಿನ ರವೀಶ್ ಅಡ್ಡ ಬಂದ.

"ಟ್ರ್ಯಾಕ್ಟರ್ ಲೈಸೆನ್ಸ್ ಇದಕ್ಕೆ ಆಗಲ್ಲ ಗೌಡ್ರೆ. ಒಟ್ಟು ತೂಕ ಏಳೂವರೆ ಟನ್ ದಾಟಿದೆ. ಹೆವಿ ಲೈಸೆನ್ಸೇ ಬೇಕು."

"ಎಂತ ಮಾರಾಯ, ಒಳಗೆ ಮಂಚ ಹಾಕಿದೀನಿ. ಇದು ಮನೆ."

"ಮನೆಗೆ ಚಕ್ರ ಇದ್ಯಲ್ಲ ಗೌಡ್ರೆ."

ಹೆವಿ ಲೈಸೆನ್ಸ್ ಇದ್ದ ಲಾರಿ ಡ್ರೈವರ್ ಪೂರ್ಣೇಶ್ ಆಗಲೇ ನನ್ನ ಹಿಂದೆ ಬಿದ್ದಿದ್ದ. "ದಸರಾಕ್ಕೆ ಗಾಡಿ ಹೊರಡಬೇಕು. ಮೊದಲ ಟೆಸ್ಟಿನಲ್ಲೇ ಪಾಸಾದರೆ ಕೆಲಸ ನಿನ್ನದು, ಇಲ್ಲದಿದ್ದರೆ ಅವನದ್ದು" ಎಂದು ಸುಷ್ಮಾಗೆ ಹೇಳಿದೆ. ವ್ಯಾಪಾರ ಎಂದರೆ ವ್ಯಾಪಾರ. ಅವಳು ತಲೆಯಾಡಿಸಿ, ಕಲಿಯುವವರ ಲೈಸೆನ್ಸ್ ಮಾಡಿಸಿ ರವೀಶನ ಹತ್ತಿರ ಕಲಿಯಲು ಸೇರಿದಳು.

ಟೆಸ್ಟಿನ ದಿನ ಟ್ರೈಲರ್ ಸಮೇತ ನನ್ನ ಗಾಡಿಯನ್ನೇ ಒಯ್ದೆವು. ಕಾಫಿ ಫ್ಲಾಸ್ಕ್ ಹಿಡಿದು ವೆಂಕಮ್ಮನೂ ಹೊರಟಳು. ಮೈದಾನದ ಅಂಚಿನ ಮರದ ಬುಡದಲ್ಲಿ ಕೂತಳು. ಸುಷ್ಮಾ ಮುಂದಕ್ಕೆ ಓಡಿಸಿದ್ದು ಬೆಣ್ಣೆಯಂತೆ. ಇನ್ನು ಉಳಿದದ್ದು ರಿವರ್ಸ್. ಪಕ್ಕದಲ್ಲಿ ಕೂತ ಆರ್‌ಟಿಒ ಇನ್ಸ್‌ಪೆಕ್ಟರು ಕೈಸನ್ನೆ ಮಾಡಿದರು. ಗಾಡಿ ಸ್ವಲ್ಪ ಹಿಂದಕ್ಕೆ ಸರಿದು, ಗಕ್ಕನೆ ನಿಂತುಬಿಟ್ಟಿತು. ಎಂಜಿನ್ ಆಫ್. ಬಾಗಿಲು ತೆರೆದು ಅವಳು ಕೆಳಗಿಳಿದಳು.

"ಮುಗೀತು" ಎಂದ ರವೀಶ. ನನಗೆ ಸಿಟ್ಟು ನೆತ್ತಿಗೇರಿತು. ಎದೆ ಗಟ್ಟಿ ಇಲ್ಲದ ಮೇಲೆ ಇಷ್ಟು ದೂರ ಯಾಕೆ ಬರಬೇಕಿತ್ತು? ಪೂರ್ಣೇಶನಿಗೆ ಫೋನ್ ಮಾಡುತ್ತೇನೆಂದು ಗೊಣಗುತ್ತ ಅವಳ ಹಿಂದೆಯೇ ಹೋದೆ, ಬೈಯುವುದಕ್ಕೆ.

ಟ್ರೈಲರಿನ ಹಿಂದೆ ವೆಂಕಮ್ಮ ನೆಲದ ಮೇಲೆ ಕೂತಿದ್ದಳು. ಗಾಡಿಯಿಂದ ಹಂಡೆಯ ಮುಚ್ಚಳ ಕಳಚಿ ಬಿದ್ದದ್ದನ್ನು ಕಂಡು ಎತ್ತಲು ಬಂದು ಬಗ್ಗಿದವಳಿಗೆ ಮಂಡಿ ಹಿಡಿದುಕೊಂಡಿತ್ತು, ಏಳಲಾಗಿರಲಿಲ್ಲ. ಕೂಗಿದ್ದಳಂತೆ, ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಟ್ರೈಲರಿಗೂ ಅವಳಿಗೂ ನಡುವೆ ಆ ಮುಚ್ಚಳ ಇಡುವಷ್ಟೇ ಜಾಗ ಇತ್ತು.

ಸುಷ್ಮಾ ಅವಳ ಕಂಕುಳಿಗೆ ಕೈ ಕೊಟ್ಟು, "ನಿಧಾನಕ್ಕೆ ಏಳಿ ಅಮ್ಮಾ" ಎನ್ನುತ್ತಿದ್ದಳು. ಹಿಂದೆಯೇ ಬಂದ ಇನ್ಸ್‌ಪೆಕ್ಟರ ಮುಖ ಬಿಳಿಚಿಕೊಂಡಿತ್ತು.

"ಕನ್ನಡೀಲಿ ಕಾಣಿಸ್ತೇನಮ್ಮಾ?"

"ಇಲ್ಲ ಸಾರ್. ಅಮ್ಮ ಮರದ ಬುಡದಲ್ಲಿ ಇದ್ರು, ಆಮೇಲೆ ಇರ್ಲಿಲ್ಲ. ಎಲ್ಲಿಗೆ ಹೋದ್ರು ಅಂತ ಗೊತ್ತಾಗ್ದೆ ಹೆಂಗೆ ಹಿಂದೆ ಬರ್ಲಿ?"

ಬೈಯಲೆಂದು ಬಂದದ್ದು ಮರೆತೇಹೋಯಿತು. ಈ ಹೆಂಗಸಿನ ಮುಂದೆ ನಾನು ಎಷ್ಟು ಸಣ್ಣವನು ಅನ್ನಿಸಿತು, ಅದರಲ್ಲಿ ಅವಮಾನವೇನೂ ಇರಲಿಲ್ಲ. ವೆಂಕಮ್ಮನ ಕೈ ಹಿಡಿದುಕೊಂಡೆ. ನಾಲ್ಕು ಜನರ ಎದುರು ಅವಳ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅಂದೇ.

"ರಿವರ್ಸ್ ಇನ್ನೂ ಆಗಿಲ್ಲ, ಹತ್ತಮ್ಮಾ" ಎಂದರು ಇನ್ಸ್‌ಪೆಕ್ಟರು.

ಅವಳು ಹತ್ತಿ ಕೂತಳು. ಎಂಜಿನ್ ಶುರುವಾಯಿತು, ಗಾಡಿ ಮಾತ್ರ ಕದಲಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಯಾರನ್ನೋ ಹುಡುಕುತ್ತಿದ್ದಳು.

ನಾನು ವೆಂಕಮ್ಮನನ್ನು ಕರೆದುಕೊಂಡು ತೆಪ್ಪಗೆ ಹೋಗಿ, ಸುಷ್ಮಾಳ ಕಣ್ಣಿಗೆ ಬೀಳುವ ಜಾಗದಲ್ಲಿ ನಿಂತೆ.