ಸೊನ್ನೆಯ ಮೇಲೆ ಗುರುದೇವಿ ಮೇಡಂ ಸಿಟ್ಟು
ನಾಗರಬಾವಿಯ ಗುರುದೇವಿ ಮೇಡಂಗೆ ಸೊನ್ನೆಯಲ್ಲಿ ಮುಗಿಯುವ ವಯಸ್ಸು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು ಹಿಡಿದು ಕೂತಿರುವುದು ಉತ್ತರ ಕರ್ನಾಟಕದ ತಮ್ಮ ಜಿಲ್ಲೆಯ ನೂರು ವರ್ಷ ಹಿಂದಿನ ಜನಗಣತಿಯನ್ನು. ಅದರಲ್ಲಿ ಗಂಡಸರು ಮೂವತ್ತೆಂಟು, ನಲವತ್ತಮೂರು ಅಂತ ಅಷ್ಟಿಷ್ಟಾದರೂ ಹರಡಿಕೊಂಡಿದ್ದರೆ, ಹೆಂಗಸರೆಲ್ಲ, ಯಾರೋ ಅಂದಾಜಿನಲ್ಲಿ ಬರೆಸಿದ ಹಾಗೆ, ಮೂವತ್ತು, ನಲವತ್ತು, ಐವತ್ತರಲ್ಲೇ ಗುಂಪುಗಟ್ಟಿದ್ದಾರೆ. "ಇಡೀ ಜಿಲ್ಲಾದಾಗ ನಲವತ್ತೊಂದು ವರ್ಷದ ಹೆಣ್ಮಗಳು ಒಬ್ಬಾಕಿನೂ ಇರಲಿಲ್ಲೇನು?" ಎಂದು ಮೇಡಂ ಗೋಡೆಯನ್ನು ಗದರುತ್ತಾರೆ. ಆ ಸಿಟ್ಟು ಈಗಿನವರ ಮೇಲೂ ತಿರುಗುತ್ತದೆ. ಪಾರ್ಸೆಲ್ ತಂದವನು ತನ್ನ ವಯಸ್ಸು ಇಪ್ಪತ್ತು ಅಂದರೆ, ಹತ್ತೊಂಬತ್ತೋ ಇಪ್ಪತ್ತೊಂದೋ ನಿಜ ಹೇಳುವ ತನಕ ಓಟಿಪಿ ಕೊಡುವುದಿಲ್ಲ. ಮೊನ್ನೆ ಸೊಪ್ಪು ಮಾರುವ ಮುನಿತಾಯಮ್ಮ "ಏನೋ, ಒಂದರವತ್ತು ಇರ್ಬೋದು ಕಣಮ್ಮ" ಅಂದದ್ದೇ ತಡ, "ಸೊನ್ನೆ ನಡೆಯೂದಿಲ್ಲ" ಎಂದು ಗಾಡಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಊರಿಗೆ ಕರೆಂಟು ಬಂದಾಗ ಉಟ್ಟದ್ದು ಲಂಗವೋ ಸೀರೆಯೋ, ಮೊದಲ ಮಗುವಿಗೆ ಹಲ್ಲು ಬಂದಾಗ ಯಾರ ಮದುವೆ ನಡೆದಿತ್ತು ಅಂತ ಕೆದಕಿ ಕೆದಕಿ ಅರವತ್ಮೂರಕ್ಕೆ ತಂದು ನಿಲ್ಲಿಸಿದರು. ಮುನಿತಾಯಮ್ಮ ಖುಷಿಯಲ್ಲಿ ಒಂದು ಕಟ್ಟು ಕೊತ್ತಂಬರಿ ಕೊಸರು ಹಾಕಿ, "ಅದ್ಸರಿ, ನಿಮಗೆಷ್ಟಮ್ಮ?" ಎಂದು ಕೇಳಿದರು. "ಎಪ್ಪತ್ತು." "ಸೊನ್ನೆ ಬಂತಲ್ಲಮ್ಮ!" ಮೇಡಂ ಕೊತ್ತಂಬರಿಯ ಬೇರು ಮುರಿಯುತ್ತಾ ಹೇಳಿದರು: "ನಮ್ಮಣ್ಣ ಹುಟ್ಟಿದ ಗಳಿಗಿ ಸೈತ ಅಪ್ಪ ಬರದಿಟ್ಟಿದ್ದ. ನನ್ನ ತಾರೀಖು ಸಾಲಿ ಮಾಸ್ತರು ಅಂದಾಜಿಲೆ ಬರದದ್ದು. ನಾ ಎಮ್ಮಿ ಈದ ವರ್ಷ ಹುಟ್ಟಿದಾಕಿ ಅಂತಿದ್ಲು ಅವ್ವ. ನಮ್ಮ ಎಮ್ಮಿ ಪ್ರತಿ ವರ್ಷ ಈಯ್ತಿತ್ತು."