ಕಲ್ಲಿನ ಮೇಲೆ ನನ್ನದೊಂದು ಸಾಲು

ಸ್ವಂತ ಬರಹವನ್ನು ಕಲ್ಲಿನ ಮೇಲೆ ನೋಡುವ ಯೋಗ ಎಷ್ಟು ಮಂದಿ ಅಂಕಣಕಾರರಿಗೆ ಬರುತ್ತದೆ ಹೇಳಿ? ನನಗೆ ಬಂತು. ಕಳೆದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ನಾನು ಕಲಿತ ಹೈಸ್ಕೂಲಿನ ಅಂಗಳದಲ್ಲಿ, ಬ್ಯಾಂಡ್ ಸೆಟ್ ಸಮೇತ.

ಇಷ್ಟು ವರ್ಷ ನಾನಿಲ್ಲಿ ಬರೆದದ್ದೆಲ್ಲ ಎರಡೇ ದಿನಕ್ಕೆ ಉರ್ವ ಮಾರ್ಕೆಟ್ಟಿನಲ್ಲಿ ಗೋಳಿಬಜೆ ಕಟ್ಟಲು ಹೋಗಿದೆ. (ಬೇಸರವಿಲ್ಲ. ಗೋಳಿಬಜೆ ಚೆನ್ನಾಗಿರುತ್ತದೆ.) ಕಲ್ಲು ಹಾಗಲ್ಲ. ಮಳೆಗೆ ನೆನೆಯುವುದಿಲ್ಲ, ರದ್ದಿಗೆ ಹೋಗುವುದಿಲ್ಲ. ಹಾಗಾಗಿ ನಾನು ಹಿಗ್ಗಬೇಕಿತ್ತು. ಆದರೆ ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಯಾಕೆ ಎಂದು ಹೇಳುತ್ತೇನೆ. ಕೇಳಿದ ಮೇಲೆ ನೀವು ನನ್ನನ್ನು ಬೈದರೆ ನಾನೇನೂ ಅಂದುಕೊಳ್ಳುವುದಿಲ್ಲ.

ಆ ಕಲ್ಲಿನ ಮೇಲಿರುವ ಹೆಸರು ಸಿಪ್ರಿಯನ್ ಮಾಸ್ಟ್ರದ್ದು. ನಮಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಈಗ ಎಂಬತ್ತೆಂಟು ವರ್ಷ. ಇಪ್ಪತ್ತೆರಡಕ್ಕೆ ಚಾಕ್ ಹಿಡಿದರು. ಐವತ್ತೆಂಟಕ್ಕೆ ಸರಕಾರ ನಿವೃತ್ತಿ ಕೊಟ್ಟಿತು, ಇವರು ತೆಗೆದುಕೊಳ್ಳಲಿಲ್ಲ. ಎಂಬತ್ತು ದಾಟುವವರೆಗೂ ಬಿಕರ್ನಕಟ್ಟೆಯ ತಮ್ಮ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಹೇಳಿಕೊಟ್ಟರು. ಈಗ ಕಣ್ಣು ಮಂಜಾಗಿದೆ. ನರ್ಸ್ ಆಗಿ ನಿವೃತ್ತಳಾದ ಮಗಳು ಐರಿನ್ ಜೊತೆಗಿದ್ದಾಳೆ.

ದೈವಭಕ್ತಿ ಎಂದರೆ ಅವರದ್ದು. ದಿನಾ ಬೆಳಿಗ್ಗೆ ಆರಕ್ಕೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ, ಅಲ್ಲಿಂದ ನೇರ ಶಾಲೆ. ಹಳಗನ್ನಡದ ಪದ್ಯ ತೆರೆಯುವ ಮೊದಲು ಹೆಬ್ಬೆರಳಿನಿಂದ ಹಣೆಯ ಮೇಲೆ ಸಣ್ಣ ಶಿಲುಬೆಯ ಗುರುತು. (ಪಾಠ ಅಷ್ಟು ಕಷ್ಟವಿರಬೇಕು ಎಂದು ನಾವು ತಿಳಿದಿದ್ದೆವು.) ಆಮೇಲೆ ಕಣ್ಣು ಮುಚ್ಚಿ ರಾಗವಾಗಿ ಓದಲು ಸುರು ಮಾಡಿದರೆಂದರೆ ಕೊನೆಯ ಬೆಂಚಿನ ಪುಂಡರು ಕೂಡ ಗಪ್‌ಚಿಪ್.

ಕನ್ನಡದಲ್ಲಿ ಹಿಂದೆ ಬಿದ್ದವರ ಹೆಸರಿನ ಚೀಟಿಯೊಂದು ಅವರ ಪ್ರಾರ್ಥನೆ ಪುಸ್ತಕದೊಳಗೆ ಇರುತ್ತಿತ್ತು. ಪ್ರತಿ ಗುರುವಾರ ಬಾಲಯೇಸುವಿನ ಕ್ಷೇತ್ರಕ್ಕೆ ಹೋಗಿ ಆ ಹೆಸರುಗಳಿಗೆಲ್ಲ ಮೇಣದ ಬತ್ತಿ ಹಚ್ಚುತ್ತಿದ್ದರು. ಚೀಟಿಯಲ್ಲಿ ಶೆಟ್ಟರ, ಪೂಜಾರಿಗಳ, ಬ್ಯಾರಿ ಮುಸಲ್ಮಾನರ, ಭಟ್ಟರ ಮಕ್ಕಳೆಲ್ಲ ಇರುತ್ತಿದ್ದರು. ಭಟ್ಟರ ಮಗಳು ಎಂದರೆ ನಾನೇ. ಅಪ್ಪ ದೇವಸ್ಥಾನದ ಅರ್ಚಕರು, ಮಗಳು ಕನ್ನಡದಲ್ಲಿ ನಪಾಸು!

ಬತ್ತಿ ಹಚ್ಚಿ ದೇವರ ಮೇಲೆ ಭಾರ ಹಾಕಿ ಕೂತವರಲ್ಲ ಮಾಸ್ಟ್ರು. ವಾರಕ್ಕೆ ಎರಡು ದಿನ ಸಿಟಿ ಬಸ್ಸು ಹಿಡಿದು ನಮ್ಮ ಮನೆಗೇ ಬಂದು ಪಾಠ ಹೇಳಿದರು. ಒಳಗಲ್ಲ, ಜಗಲಿಯಲ್ಲಿ. ಅವರಿಗೆಂದೇ ಅಜ್ಜಿ ಒಂದು ಲೋಟ ಬೇರೆ ಇಟ್ಟಿದ್ದರು. ಕಾಫಿ ಕುಡಿದು ಮಾಸ್ಟ್ರು ತಾವೇ ಅದನ್ನು ತೊಳೆದು ಜಗಲಿಯ ಮೂಲೆಯಲ್ಲಿ ಕವುಚಿಡುತ್ತಿದ್ದರು. ಅವರು ಗೇಟು ದಾಟಿದ ಮೇಲೆ ಅಜ್ಜಿ ಮನಸಾರೆ ಹೊಗಳುತ್ತಿದ್ದರು: "ಪುರ್ಬುಗಳಾದ್ರೂ ಎಷ್ಟು ಚೆಂದದ ಕನ್ನಡ ಅವರದ್ದು!" (ಕ್ರೈಸ್ತರಿಗೆ ತುಳುವಿನಲ್ಲಿ ಹಾಗೆನ್ನುತ್ತಾರೆ.) ನನಗಾಗ ಹದಿನಾಲ್ಕು. ಲೋಟದ ವಿಷಯ ಅರ್ಥವಾಗುತ್ತಿತ್ತು. ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಆ ವಯಸ್ಸಿನಿಂದಲೇ ರೂಢಿ.

ಆ ವರ್ಷ ನಾನು ಪಾಸಾದೆ. ಆಮೇಲೆ ಬರೆಯುವವಳೂ ಆದೆ. ನೀವು ಈಗ ಓದುತ್ತಿರುವ ಈ ಕನ್ನಡ ಇದೆಯಲ್ಲ, ಅದು ಆ ಜಗಲಿಯಲ್ಲಿ ಕಲಿತದ್ದು.

ಇನ್ನು ಕಲ್ಲಿನ ಕತೆ. ನಮ್ಮ ಹಳೆ ವಿದ್ಯಾರ್ಥಿ ಸಂಘದವರು ಶಾಲೆಯಲ್ಲಿ ಒಂದು ವಾಚನಾಲಯ ಕಟ್ಟಿಸಿ ಅದಕ್ಕೆ ಮಾಸ್ಟ್ರ ಹೆಸರಿಡುವುದೆಂದು ತೀರ್ಮಾನಿಸಿದರು. ಒಳ್ಳೆಯ ಕೆಲಸ. ಸಂಘದ ಅಧ್ಯಕ್ಷ ಪದ್ಮನಾಭಣ್ಣ, ನನಗಿಂತ ನಾಲ್ಕು ವರ್ಷ ಸೀನಿಯರ್, ಈಗ ದೊಡ್ಡ ಕಂಟ್ರಾಕ್ಟರ್. ಒಂದು ದಿನ ಫೋನ್ ಮಾಡಿದರು.

"ನೀನು ಪೇಪರಿಗೆ ಬರೆಯುವವಳಲ್ವಾ? ಕಲ್ಲಿಗೆ ಹಾಕ್ಲಿಕ್ಕೆ ಒಂದು ಲೈನ್ ಕೊಡು ಮಾರಾಯ್ತಿ. ಓದಿದವರ ಮನಸ್ಸಿಗೆ ತಾಗ್ಬೇಕು."

ಹತ್ತು ನಿಮಿಷದಲ್ಲಿ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. 'ಮತದಿಂದ ಕ್ರೈಸ್ತರು, ಮನೆಮಾತು ಕೊಂಕಣಿ; ಆದರೂ ಕನ್ನಡವನ್ನೇ ಉಸಿರಾಡಿದ ಗುರು.' ಹೇಗಿದೆ? ಲಯ ಉಂಟಲ್ಲ? ಗ್ರೂಪಿನಲ್ಲಿ ಚಪ್ಪಾಳೆಯ ಮಳೆ. ಹಾರ್ಟುಗಳು, ಕೈಮುಗಿದ ಕೈಗಳು. ಸೂಪರ್ ಅಕ್ಕ, ಟಚಿಂಗ್ ಅಕ್ಕ. ನಾನು ಅದನ್ನು ಐದಾರು ಸಲ ತೆರೆದು ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ.

ಸಾಲನ್ನು ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡು ಮಾಸ್ಟ್ರಿಗೆ ತೋರಿಸಲು ಹೋದೆ. ಒಬ್ಬಳೇ ಹೋದೆ, ಹೊಗಳಿಕೆ ಒಬ್ಬಳೇ ಕೇಳಬೇಕಲ್ಲ. ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. ಹಾಳೆ ಮಡಿಲಲ್ಲಿಟ್ಟುಕೊಂಡರು.

"ಬರೆದದ್ದು ಯಾರು?"

"ನಾನೇ ಸರ್."

"ಹೌದಾ." ಹಾಳೆಯನ್ನು ಎರಡಾಗಿ ಮಡಚಿದರು. "ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ನಿಮಗೆಲ್ಲ ಇನ್ನೂ ಆಶ್ಚರ್ಯ ಹೋಗ್ಲಿಲ್ವಾ?"

ನನಗೆ ತಲೆಬುಡ ಗೊತ್ತಾಗಲಿಲ್ಲ. ಅವರೇ ಮುಂದುವರಿಸಿದರು.

"ಇಂಟರ್ವ್ಯೂವಿನಲ್ಲಿ ಕೇಳಿದ್ರು, ಕ್ರಿಶ್ಚಿಯನ್ ಅಲ್ವಾ ನೀವು, ಹಳಗನ್ನಡ ಎಲ್ಲ ಆಗ್ತದಾ? ಇನ್ಸ್‌ಪೆಕ್ಟರ್ ಬಂದು ಪಾಠ ಕೇಳಿ ಹೇಳಿದ್ರು, ಅರೆ, ಗೊತ್ತೇ ಆಗುವುದಿಲ್ಲ ನೀವು ಕ್ರಿಶ್ಚಿಯನ್ ಅಂತ! ಅದನ್ನು ಹೊಗಳಿಕೆ ಅಂತ ನಾನು ತೆಗೊಳ್ಬೇಕು. ಇಗರ್ಜಿಯಲ್ಲಿ ನಮ್ಮವರು ಕೇಳಿದ್ರು, ಕೊಂಕಣಿ ಬಿಟ್ಟು ನಿಮಗೆ ಇದೆಂತದು? ನಾನು ನಗಾಡಿದೆ, ಎಲ್ಲರ ಹತ್ರವೂ. ಹೋಗ್ಲಿ, ಇವರಿಗೆ ನಾನು ಕಲಿಸ್ಲಿಲ್ಲ. ನಾನು ಕಲಿಸಿದ ಮಕ್ಕಳು ದೊಡ್ಡವರಾಗ್ಲಿ, ಅವರಿಗೆ ಆಶ್ಚರ್ಯ ಆಗ್ಲಿಕ್ಕಿಲ್ಲ ಅಂತ."

ನಾನು ನೆಲ ನೋಡುತ್ತಿದ್ದೆ.

"ನೀನು ಬರೆದದ್ದು ಹೇಗುಂಟು ಹೇಳ್ಲಾ? ನಾನು ಯಾವುದೋ ಗೋಡೆ ಹಾರಿ ನಿಮ್ಮ ಹಿತ್ತಿಲಿಗೆ ಬಂದ ಹಾಗೆ ಉಂಟು. ನಾನು ಯಾವ ಗೋಡೆಯನ್ನೂ ಹಾರಲಿಲ್ಲ ಮಾರಾಯ್ತಿ. ನಾನು ದೇವರ ಹತ್ರ ಮಾತಾಡುವುದೂ ಕನ್ನಡದಲ್ಲೇ. ಹುಟ್ಟಿದ್ದು ಇಲ್ಲಿ, ಇದು ನನ್ನದೇ."

ಐರಿನ್ ಒಳಗಿಂದ ಬಂದು ಬಾಗಿಲ ಹತ್ತಿರ ನಿಂತಿದ್ದಳು.

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ಪೇಪರಿನಲ್ಲಿ ಬಂದದ್ದೂ ಹೋಗ್ತದೆ. ಕಲ್ಲು ನಾನು ಸತ್ತ ಮೇಲೂ ಇರ್ತದಲ್ಲ? ಅದರಲ್ಲಿ ಇದು ಬೇಡ. ಕನ್ನಡ ಮಾಸ್ಟ್ರು ಅಂತ ಎರಡು ಶಬ್ದ ಹಾಕು, ಸಾಕು. ನಿನ್ನ ಹತ್ರ ನಾನು ಯಾವತ್ತೂ ಎಂತದೂ ಕೇಳ್ಲಿಲ್ಲ. ಇದೊಂದು ಮಾಡು."

"ತೆಗೆಸ್ತೇನೆ ಸರ್," ಎಂದೆ. ಮಾತು ಕೊಟ್ಟೆ.

ದಾರಿಯುದ್ದಕ್ಕೂ ನಾಚಿಕೆಯಿಂದ ಮೈ ಉರಿಯುತ್ತಿತ್ತು. ಓದುಗರೊಬ್ಬರು ಹಿಂದೊಮ್ಮೆ ನನಗೆ ಪತ್ರ ಬರೆದಿದ್ದರು: 'ಹೆಂಗಸಾದರೂ ರಾಜಕೀಯದ ಬಗ್ಗೆ ಚೆನ್ನಾಗಿ ಬರೆಯುತ್ತೀರಿ.' ಒಂದು ವಾರ ನಾನು ಕೆಂಡ ಕಾರಿದ್ದೆ, ಆ ಸಿಟ್ಟಿನಲ್ಲೇ ಒಂದು ಅಂಕಣವನ್ನೂ ಬರೆದಿದ್ದೆ. ನೀವೆಲ್ಲ ಭೇಷ್ ಎಂದಿರಿ. ಅದೇ ನಾನು ನನ್ನ ಗುರುವಿಗೆ ಮಾಡಿದ್ದೇನು? ನಮ್ಮೂರಲ್ಲಿ ಇದು ನಮಗೆ ಎಷ್ಟು ಸಲೀಸು ನೋಡಿ. ಬಾಡಿಗೆಗೆ ಮನೆ ಕೊಡುವಾಗ 'ಬ್ಯಾರಿಯಾದರೂ ಜನ ಒಳ್ಳೆಯವ' ಎನ್ನುತ್ತೇವೆ. ಹೇಳಿದವನಿಗೆ ತಾನು ಎಷ್ಟು ದೊಡ್ಡ ಮನಸ್ಸಿನವನು ಎಂದು ಖುಷಿ. ಕೇಳಿಸಿಕೊಂಡವನು ಹಲ್ಲು ಕಿಸಿಯಬೇಕು. ಅಜ್ಜಿಯ ಲೋಟವಾದರೂ ಕಣ್ಣಿಗೆ ಕಾಣುತ್ತಿತ್ತು.

ಮನೆಗೆ ಬಂದವಳೇ ಪದ್ಮನಾಭಣ್ಣನಿಗೆ ಫೋನ್ ಮಾಡಿದೆ. ಮಾಸ್ಟ್ರಿಗೆ ಆ ಸಾಲು ಬೇಡವಂತೆ ಎಂದೆ.

"ಎಂತ ಮಾತಾಡ್ತಿ ನೀನು! ಚೀಫ್ ಗೆಸ್ಟ್ ಒಪ್ಪಿದ್ದೇ ಆ ಲೈನ್ ನೋಡಿ. ಇನ್ವಿಟೇಶನ್‌ನಲ್ಲಿ ಪ್ರಿಂಟ್ ಆಗಿದೆ. ಈ ಕಾಲದಲ್ಲಿ ಸೌಹಾರ್ದದ ಮೆಸೇಜ್ ಎಷ್ಟು ಮುಖ್ಯ ಗೊತ್ತುಂಟಾ?"

"ಅವರಿಗೆ ನೋವಾಗಿದೆ ಪದ್ಮನಾಭಣ್ಣ."

"ನೋವು ಎಂತದ್ದು? ಹೊಗಳಿದ್ದಲ್ವಾ ನಾವು? ಪ್ರಾಯ ಆಯ್ತು ಅವರಿಗೆ, ಹಾಗೆ ಆಗ್ತದೆ. ನಾನು ಮಾತಾಡ್ತೇನೆ, ನೀನು ಬಿಡು."

(ಮಾತಾಡಲಿಲ್ಲ. ಆಮೇಲೆ ಐರಿನ್‌ನಲ್ಲಿ ಕೇಳಿದೆ, ಫೋನೇ ಬಂದಿರಲಿಲ್ಲ. ಸೌಹಾರ್ದಕ್ಕೆ ಎರಡನೆಯವರ ಒಪ್ಪಿಗೆ ಬೇಕೆಂದು ಯಾರು ಹೇಳಿದ್ದು?)

ಮರುದಿನ ಸ್ಕೂಟರ್ ತೆಗೆದುಕೊಂಡು ಬೈಕಂಪಾಡಿಗೆ ಹೋದೆ. ಕಲ್ಲು ಕೆತ್ತಲು ಕೊಟ್ಟದ್ದು ಅಲ್ಲಿನ ಒಂದು ವರ್ಕ್‌ಶಾಪಿಗೆ. ಲಾರಿಗಳ ನಡುವೆ ನುಸುಳಿ, ಧೂಳು ಕುಡಿದು ತಲುಪಿದೆ. ಕೆತ್ತುವವರು ಬಾಗಲಕೋಟೆ ಕಡೆಯವರು, ಐವತ್ತು ದಾಟಿದವರು. ಮೈಯೆಲ್ಲ ಕಲ್ಲಿನ ಬಿಳಿ ಪುಡಿ. ಕರಿ ಕಲ್ಲಿನ ಮೇಲೆ 'ಸಿಪ್ರಿಯನ್ ಮಾಸ್ಟರ್ ವಾಚನಾಲಯ' ಎಂಬಷ್ಟು ಮುಗಿದಿತ್ತು. ಅದರ ಕೆಳಗೆ ನನ್ನ ಸಾಲು ಬರೀ ಬಿಳಿ ಪೆನ್ಸಿಲಿನ ಗೆರೆಯಲ್ಲಿತ್ತು.

"ಕೆಳಗಿನದು ಇನ್ನೂ ಕೆತ್ತಿಲ್ವಾ?" ಎಂದೆ.

"ಇಲ್ರೀ ಅಕ್ಕಾರ. ಮಧ್ಯಾಹ್ನ ಮ್ಯಾಲೆ ಹಿಡೀತೀನಿ. ಯಾಕ್ರೀ, ಏನರೆ ಬದ್ಲಿ ಐತೇನು?"

"ಆ ಸಾಲು ಬೇಡ ಅಂತ..."

"ಬ್ಯಾಡಂದ್ರ ಈಗ ಹೇಳಿಬಿಡ್ರಿ. ಒರಸಿ ಬಿಡ್ತೀನಿ. ಇವ್ರು ಏನಾಗಿದ್ರು?"

"ಕನ್ನಡ ಮಾಸ್ಟ್ರು."

"ಮತ್ತ ಅಷ್ಟ ಬರದ್ರ ಆತಲ್ರಿ. ಉಳಿದದ್ದೆಲ್ಲ ಯಾಕ ಬೇಕು?"

ನೋಡಿ, ಅಲ್ಲಿಗೆ ಮುಗಿಯಬೇಕಿತ್ತು. ಒದ್ದೆ ಬಟ್ಟೆ ಅವರ ಕೈಯಲ್ಲೇ ಇತ್ತು. ನಾನು 'ಹೂಂ' ಎನ್ನಬೇಕಿತ್ತು, ಅಷ್ಟೇ. ಪದ್ಮನಾಭಣ್ಣ ಕೂಗಾಡುತ್ತಿದ್ದರು, ಗ್ರೂಪಿನಲ್ಲಿ ಎರಡು ದಿನ ಗುಸುಗುಸು ನಡೆಯುತ್ತಿತ್ತು, ಆಮೇಲೆ ಎಲ್ಲರೂ ಮರೆಯುತ್ತಿದ್ದರು.

ನಾನು ಹೇಳಿದ್ದೇನು ಗೊತ್ತೇ? "ಪ್ರೆಸಿಡೆಂಟ್ ಹತ್ರ ಇನ್ನೊಂದ್ಸಲ ಕೇಳಿ ಫೋನ್ ಮಾಡ್ತೇನೆ."

ಫೋನ್ ಮಾಡಲಿಲ್ಲ. ಪದ್ಮನಾಭಣ್ಣನಿಗೂ ಇಲ್ಲ, ಕೆತ್ತುವವರಿಗೂ ಇಲ್ಲ.

ಹೆದರಿಕೆಯಿಂದ ಎಂದು ಬರೆದರೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟೀತು. ಅದು ಬೇಡ. ಪೆನ್ಸಿಲಿನಲ್ಲಿದ್ದ ನನ್ನ ಸಾಲನ್ನು ಆ ಕರಿ ಕಲ್ಲಿನ ಮೇಲೆ ನೋಡಿದಾಗ ನನಗೆ ಆಸೆಯಾಯಿತು. ಇಷ್ಟೇ ಸತ್ಯ. ಎಂಬತ್ತೆಂಟು ವರ್ಷದ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಒಂದು ಕೇಳಿದ್ದರು. ನನಗೆ ನನ್ನ ಸಾಲು ದೊಡ್ಡದಾಯಿತು. ಮಧ್ಯಾಹ್ನ ಕಳೆಯಿತು. ಉಳಿ ತನ್ನ ಕೆಲಸ ಮಾಡಿತು.

ಭಾನುವಾರದ ಸಮಾರಂಭ ಭರ್ಜರಿಯಾಗಿತ್ತು. ಕನ್ನಡ ಮಾಸ್ಟ್ರ ಕಾರ್ಯಕ್ರಮದ ನಿರೂಪಣೆ ಪೂರ್ತಿ ಇಂಗ್ಲಿಷಿನಲ್ಲಿ. (ಇದನ್ನು ಬೇರೆ ಬಿಡಿಸಿ ಹೇಳಬೇಕೇ?) ಮಾಸ್ಟ್ರಿಗೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಐರಿನ್ ಕೈ ಹಿಡಿದು ಅವರನ್ನು ಕಲ್ಲಿನ ಹತ್ತಿರ ಕರೆದುಕೊಂಡು ಬಂದಳು. ಪರದೆ ಸರಿಯಿತು.

ಅವರು ಹತ್ತಿರ ಹೋದರು. ಕಣ್ಣಿಗೆ ಸರಿಯಾಗಿ ಕಾಣಲಿಲ್ಲವೋ ಏನೋ, ಅಕ್ಷರಗಳ ಮೇಲೆ ಬೆರಳಾಡಿಸಿದರು. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲಿನ ಅರ್ಧದಲ್ಲಿ ಬೆರಳು ನಿಂತಿತು. ಕೈ ತೆಗೆದರು. ಜನ ಚಪ್ಪಾಳೆ ತಟ್ಟಿದರು. ಐರಿನ್ ತಿರುಗಿ ನನ್ನನ್ನು ನೋಡಿದಳು. ಮಾಸ್ಟ್ರು ನೋಡಲಿಲ್ಲ.

ಮಾತಾಡಿ ಎಂದು ಮಾಸ್ಟ್ರಿಗೆ ಮೈಕ್ ಕೊಟ್ಟರು. "ಇಷ್ಟು ವರ್ಷ ಕಲಿಸ್ಲಿಕ್ಕೆ ಆಯುಷ್ಯ ಕೊಟ್ಟ ದೇವರಿಗೆ ಸ್ತೋತ್ರ. ಮಕ್ಕಳು ಇಲ್ಲಿ ಬಂದು ಓದ್ಲಿ," ಎಂದು ಕೂತರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಗಂಟೆಗಟ್ಟಲೆ ಪದ್ಯ ಹಾಡುತ್ತಿದ್ದ ಮನುಷ್ಯ.

ಚೀಫ್ ಗೆಸ್ಟ್ ಎದ್ದರು. ಕಲ್ಲಿನ ಮೇಲಿನ ಸಾಲನ್ನು ಎರಡು ಸಲ ಓದಿ, ಇಡೀ ಜಿಲ್ಲೆಗೆ ಇದು ಮಾದರಿ, ಬರೆದವರು ಯಾರು, ವೇದಿಕೆಗೆ ಬರಲಿ ಎಂದರು. ಪದ್ಮನಾಭಣ್ಣ ನನ್ನ ಕಡೆ ಕೈ ಮಾಡಿದರು. ನಾನು ಎದ್ದೆ. (ಕಾಲು ನೋವು ಎನ್ನಬಹುದಿತ್ತು. ಏನಾದರೂ ಹೇಳಬಹುದಿತ್ತು.) ಮೆಟ್ಟಿಲು ಹತ್ತಿದೆ. ಆಗ ಯಾರಿಗೋ ಒಂದು ಒಳ್ಳೆಯ ಐಡಿಯಾ ಬಂತು: ಗುರುಗಳ ಕೈಯಿಂದಲೇ ಶಿಷ್ಯೆಗೆ ಸನ್ಮಾನವಾಗಲಿ!

ಮಾಸ್ಟ್ರು ಕುರ್ಚಿ ಹಿಡಿದು ಎದ್ದು ನಿಂತರು. ಯಾರೋ ಅವರ ಕೈಗೆ ಶಾಲು ಕೊಟ್ಟರು. ನನ್ನ ಹೆಗಲಿಗೆ ಅದನ್ನು ಹೊದೆಸಿ, ನನಗಷ್ಟೇ ಕೇಳುವ ಹಾಗೆ, "ದೇವರು ಒಳ್ಳೇದು ಮಾಡ್ಲಿ," ಎಂದರು. ವ್ಯಂಗ್ಯವಿರಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮೈಕ್ ನನ್ನ ಮುಂದೆಯೇ ಇತ್ತು. ನಾನು ತಲೆ ಬಗ್ಗಿಸಿದೆ, ಥ್ಯಾಂಕ್ಸ್ ಹೇಳಿದೆ, ಕ್ಯಾಮರಾದ ಕಡೆ ತಿರುಗಿದೆ.

ಫೋಟೋ ತುಂಬಾ ಚೆನ್ನಾಗಿ ಬಂದಿದೆ, ನಿಮಗೂ ಕಳಿಸಲೇ?