ಹಾರ್ನ್ ಹೊಡೆಯದ ಮಿಲ್ಟ್ರಿ ಕಾಕಾ

ಮಿಲ್ಟ್ರಿ ಕಾಕಾ ಹಾರ್ನ್ ಹೊಡೆಯುತ್ತಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಅನಗವಾಡಿಯಿಂದ ಬೀಳಗಿಗೆ ಶಾಲೆಯ ಬಸ್ಸು ಓಡಿಸುವ ಮನುಷ್ಯ ಹಾರ್ನ್ ಮುಟ್ಟದೆ ಇರುವುದೆಂದರೆ ಏನೆಂದು ಆ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು. ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು, ಅದರಲ್ಲಿ ಬಸ್ಸಿಗಿಂತ ಎತ್ತರಕ್ಕೆ ಹೇರಿದ ಕಬ್ಬು, ಊರಿಗೆಲ್ಲ ಕೇಳುವ ಹಾಡು. ಕಾಕಾ ಅದರ ಹಿಂದೆಯೇ ಸಾವಕಾಶ ಹೋಗುತ್ತ, ಟ್ರ್ಯಾಕ್ಟರಿನವನು ತಾನಾಗಿ ತಿರುಗಿ ನೋಡುವವರೆಗೂ ಕಾಯುತ್ತಿದ್ದರು. ಅಡ್ಡ ನಿಂತದ್ದು ಎಮ್ಮೆಯಾದರೆ ಕಿಟಕಿಯಿಂದ ತಲೆ ಹೊರಹಾಕಿ, "ಸರಿಯವ್ವಾ, ಸಾಲಿಗೆ ಹೊತ್ತಾತು" ಎನ್ನುತ್ತಿದ್ದರು. ಎಮ್ಮೆ ಸರಿಯುತ್ತಿತ್ತು. ನನ್ನ ಏಳನೆಯ ತರಗತಿಯ ಮಕ್ಕಳು ಅಷ್ಟು ಬೇಗ ನನ್ನ ಮಾತು ಕೇಳಿದ್ದು ನೆನಪಿಲ್ಲ.

ಯಾಕೆಂದು ಮಕ್ಕಳು ಕೇಳಿದರೆ, ಸೈನ್ಯದಲ್ಲಿದ್ದಾಗ ಕಂಡ ಹಿಮವನ್ನು ನೆನೆದು, "ಬರಫದ ಗುಡ್ಡದಾಗ ಹಾರ್ನ್ ಹೊಡದ್ರ ಬರಫ ಮೈಮ್ಯಾಲ ಬೀಳತೈತಿ" ಎನ್ನುತ್ತಿದ್ದರು.

"ಇಲ್ಲಿ ಬರಫ ಎಲ್ಲೈತ್ರಿ ಕಾಕಾ?"

"ಅಲ್ಲಿ ಬಿಟ್ಟ ರೂಢಿ, ಇಲ್ಲಿ ಬಂದು ಮತ್ತ ಹ್ಯಾಂಗ ಹಚ್ಕೊಳ್ಲಿ?"

ಅವರ ಹೆಸರು ಬೀರಪ್ಪ. ಸೈನ್ಯದಲ್ಲಿ ಲಾರಿ ಓಡಿಸಿ, ನಿವೃತ್ತರಾಗಿ ಬಂದು, ಅನಗವಾಡಿಯಲ್ಲಿ ತಮ್ಮ ಹೊಲಕ್ಕೆ ಕಬ್ಬು ಹಚ್ಚಿದವರು. ಸುಮ್ಮನೆ ಕೂತರೆ ಮೈಗೆ ಜಂಗು ಹಿಡಿಯುತ್ತದೆಂದು ಶಾಲೆಯ ಬಸ್ಸನ್ನೂ ಹಿಡಿದರು. ಬೆಳಿಗ್ಗೆ ಎದ್ದು ಕಬ್ಬಿಗೆ ನೀರು ಹಾಯಿಸಿ, ಸ್ನಾನ ಮಾಡಿ, ಹಣೆಗೆ ಬೀರದೇವರ ಭಂಡಾರದ ಅರಿಶಿನ ಹಚ್ಚಿ, ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಬರುತ್ತಿದ್ದರು. ಚಪ್ಪಲಿಗೆ ಮಾತ್ರ ಹೊಲದ ಕೆಸರು ಹಾಗೇ ಇರುತ್ತಿತ್ತು. "ಮ್ಯಾಲ ಮಿಲ್ಟ್ರಿ, ಕೆಳಗ ರೈತ" ಎಂದು ತಾವೇ ನಗುತ್ತಿದ್ದರು.

ನಾನು ಬನಹಟ್ಟಿಯ ನೇಕಾರರ ಮನೆಯವಳು. ಮಗ್ಗದ ಸದ್ದಿನಲ್ಲಿ ಬೆಳೆದ ನನಗೆ ಹೊಲವೆಂದರೆ ಕಿಟಕಿಯಾಚೆ ಕಾಣುವ ಹಸಿರು ಬಣ್ಣ, ಅಷ್ಟೇ. ನನ್ನ ಗಂಡನಿಗೆ ಅನಗವಾಡಿಯ ಅಂಚೆ ಕಚೇರಿಯಲ್ಲಿ ಕೆಲಸ, ನನಗೆ ಬೀಳಗಿಯ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ. ಹೇಗೂ ಅದೇ ದಾರಿಯಲ್ಲಿ ಬರುತ್ತೀರಲ್ಲ ಎಂದು ಮುಖ್ಯಗುರುಗಳು ನನ್ನನ್ನು ಬಸ್ಸಿನ ಉಸ್ತುವಾರಿ ಮಾಡಿದರು. ಬಸ್ಸು ಹತ್ತಿದರೆ ನನಗೆ ವಾಂತಿಯಾಗುತ್ತದೆ. ಅದನ್ನು ಹೇಳಲು ನಾಚಿಕೆಯಾಗಿ ಒಪ್ಪಿಕೊಂಡೆ. ಯಾರಿಗೂ 'ಇಲ್ಲ' ಎನ್ನಲು ಬಾರದ ಸ್ವಭಾವ ನನ್ನದು. ತರಕಾರಿಯವಳು ಕೊಟ್ಟ ಬಾಡಿದ ಸೊಪ್ಪನ್ನೂ ಥ್ಯಾಂಕ್ಸ್ ಹೇಳಿ ತರುತ್ತೇನೆ.

ಮೊದಲ ದಿನ ಕೊರಳಲ್ಲಿ ಸೀಟಿ ತೂಗಿಹಾಕಿಕೊಂಡು, ಎಲ್ಲರ ಮೇಲೂ ಕಣ್ಣಿರಲಿ ಎಂದು ಹಿಂದಿನ ಸೀಟಿನಲ್ಲಿ ಕೂತೆ. ಊರು ದಾಟುವ ಮೊದಲೇ ತಲೆ ಕಿಟಕಿಯ ಹೊರಗಿತ್ತು. ಎರಡನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಹಣೆ ಹಿಡಿದುಕೊಂಡಳು, ಇನ್ನೊಬ್ಬಳು ಸೀಟಿ ಕೊಳೆಯಾಗದಂತೆ ಎತ್ತಿ ಹಿಡಿದಳು. ಇಡೀ ಬಸ್ಸು ಗಪ್‌ಚಿಪ್ಪಾಗಿತ್ತು. ಅಂಥ ಶಿಸ್ತನ್ನು ನಾನು ಮುಂದೆ ಎಂದೂ ಸಾಧಿಸಲಿಲ್ಲ. ಕಾಕಾ ಒಂದು ಪಂಪ್‌ಸೆಟ್ಟಿನ ಹತ್ತಿರ ಬಸ್ಸು ನಿಲ್ಲಿಸಿ ನೀರು ತಂದುಕೊಟ್ಟರು.

"ಅಕ್ಕಾರ, ಮುಂದ ಬಂದು ಕುಂದರ್ರಿ. ನೀವು ಹಾದಿ ನೋಡ್ರಿ. ಹುಡುಗ್ರನ್ನ ನಾ ಕನ್ನಡಿಯಾಗ ನೋಡ್ತೀನಿ."

"ಉಸ್ತುವಾರಿ ನಾ ಅಲ್ಲೇನ್ರಿ ಕಾಕಾ?"

"ನೀವ ಇರ್ರಿ. ಮುಂದ ಕುಂತು ಮಾಡ್ರಿ."

ಅಂದಿನಿಂದ ಮಕ್ಕಳನ್ನು ನೋಡಿಕೊಳ್ಳುವುದು ಡ್ರೈವರನ ಕೆಲಸವಾಯಿತು, ರಸ್ತೆ ನೋಡುವುದು ಟೀಚರಮ್ಮನ ಕೆಲಸವಾಯಿತು.

ಅವರ ಹೊಲ ರಸ್ತೆಗೇ ಹತ್ತಿಕೊಂಡಿತ್ತು. ಕಬ್ಬಿನ ನಡುವೆ ಒಂದು ಪಟ್ಟಿ ಬಿಳಿಜೋಳ ಬಿತ್ತುತ್ತಿದ್ದರು. ಅದು ಮಾರುವುದಕ್ಕಲ್ಲ. ಹಾಲುಗಾಳಿನ ದಿನಗಳಲ್ಲಿ, ಸಂಜೆ ಬಸ್ಸು ಅಲ್ಲಿ ನಿಲ್ಲುತ್ತಿತ್ತು. ಅವರ ಹೆಂಡತಿ ಸಿದ್ದವ್ವ ಕಾಕು ಹಸಿ ತೆನೆ ಸುಟ್ಟು, ತಿಕ್ಕಿ, ಸೀತನಿ ಮಾಡಿ ಮಕ್ಕಳ ಬೊಗಸೆಗೆ ಹಾಕುತ್ತಿದ್ದರು. ಉಸ್ತುವಾರಿಯೆಂಬ ಹಕ್ಕಿನಿಂದ ನಾನು ಎರಡು ಸಲ ಬೊಗಸೆ ಒಡ್ಡುತ್ತಿದ್ದೆ.

ಒಂದು ಸ್ವಾತಂತ್ರ್ಯ ದಿನಕ್ಕೆ ಕಾಕಾನೇ ಭಾಷಣ ಮಾಡಬೇಕೆಂದು ಹಟ ಹಿಡಿದವಳು ನಾನು. ಭಾಷಣ ಬರೆದುಕೊಟ್ಟವಳೂ ನಾನೇ. ಅದರಲ್ಲಿ ಹಿಮಾಲಯವಿತ್ತು, ನೆತ್ತರಿತ್ತು, ತಾಯಿಯ ಕಣ್ಣೀರಿತ್ತು. ಗುಂಡಿನ ಮಳೆಯಂತೂ ಪುಟಕ್ಕೊಮ್ಮೆ ಸುರಿಯುತ್ತಿತ್ತು. ನಾನು ಕೇಳಿದ ಗುಂಡಿನ ಸದ್ದೆಂದರೆ ದೀಪಾವಳಿಯ ಪಟಾಕಿಯದು. ಕಾಕಾ ಬಸ್ಸು ಓಡಿಸುತ್ತಲೇ ಅದನ್ನು ಬಾಯಿಪಾಠ ಮಾಡಿದರು. ಅಂದು ಮೈಕಿನ ಮುಂದೆ ನೆಟ್ಟಗೆ ನಿಂತು, ಕವಾಯತಿನ ದನಿಯಲ್ಲಿ ಉಸಿರು ಬಿಡದೆ ಒಪ್ಪಿಸಿದರು. ಚಪ್ಪಾಳೆ ಬಿತ್ತು. ಯಾರು ಯಾರು ನನ್ನ ಕಡೆ ನೋಡುತ್ತಿದ್ದಾರೆಂದು ನಾನು ಸುತ್ತ ಕಣ್ಣಾಡಿಸಿದೆ. ಯಾರೂ ನೋಡುತ್ತಿರಲಿಲ್ಲ. ಕಾಕಾ ಇನ್ನೂ ಕೆಳಗಿಳಿದಿರಲಿಲ್ಲ.

"ಇಷ್ಟು ಅಕ್ಕಾರ ಬರದಿದ್ದು. ಛಲೋ ಬರದಾರ. ಈಗ ನಂದು ಸ್ವಲ್ಪ ಹೇಳ್ತೀನಿ. ನಮ್ಮದು ಕುರಿ ಕಾಯೋ ಮನಿತನ. ಕುರಿ ಹಿಂದ ಅಡ್ಡ್ಯಾಡಿ ಸಾಕಾಗಿ ಮಿಲ್ಟ್ರಿಗೆ ಹೋದ್ನಿ. ಸಾಹೇಬ್ರು ಲಾರಿ ಕೊಟ್ರು. ಹೊಳ್ಳಿ ನೋಡಿದ್ರ ಲಾರಿ ತುಂಬ ಕುರಿ. ಗುಡ್ಡದ ಮ್ಯಾಲಿದ್ದ ಜವಾನರ ಊಟಕ್ಕ ಒಯ್ಯಬೇಕಿತ್ತು. ಅವು ಒಂದೂ ನನ್ನ ಮಾತು ಕೇಳತಿದ್ದಿಲ್ಲ. ಅವು ಪಂಜಾಬದವು, ನಾ ಕನ್ನಡ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಕಾಕಾ ನಗು ನಿಲ್ಲುವವರೆಗೂ ಕಾದರು.

"ಒಂದ್ಸಲ ಬರಫ ಬಿದ್ದು ಹಾದಿ ಮುಚ್ಚಿತು. ಹಿಂದ ಹೋಗಾಕಾಗೂದಿಲ್ಲ, ಮುಂದ ಹೋಗಾಕಾಗೂದಿಲ್ಲ. ಕುರಿ ನಡುವ ಮಲಗಿದ್ನಿ. ಅವುಗಳ ಮೈ ಬಿಸಿಯಿಂದ ಉಳದೀನಿ. ಹಾದಿ ತೆರದ ಮ್ಯಾಲ ಅವನ್ನ ಒಯ್ದು ಒಪ್ಪಿಸಬೇಕಾತು. ಡ್ಯೂಟಿ. ಅವತ್ತಿಂದ ನಾ ಮಟನ್ ತಿಂದಿಲ್ಲ. ಇಷ್ಟ."

ಅಂದು ಮನೆಗೆ ಹೋದ ಮಕ್ಕಳೆಲ್ಲ ಕುರಿಯ ಕಥೆ ಹೇಳಿದರು. ನನ್ನ ಹಿಮಾಲಯದ ಸುದ್ದಿ ಯಾರೂ ಎತ್ತಲಿಲ್ಲ. ಮರುದಿನದಿಂದ ಮಕ್ಕಳು 'ಮ್ಯಾ' ಎನ್ನುತ್ತಲೇ ಬಸ್ಸು ಹತ್ತತೊಡಗಿದರು.

ಆಮೇಲಿನದು ಒಂದು ಚಳಿಗಾಲದ ಬೆಳಗಿನ ಮಾತು. ಹತ್ತನೆಯ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆಯಿತ್ತು. ಹೊಳೆಯ ಕಡೆಯಿಂದ ತೆಳ್ಳಗೆ ಮಂಜು ಬಂದಿತ್ತು. ಮುಧೋಳದ ಕಡೆಯ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರೇಲರೊಂದು ಕೆಟ್ಟು ರಸ್ತೆಯ ಮೇಲೇ ನಿಂತಿತ್ತು. ನನಗದು ದೂರದಿಂದಲೇ ಕಂಡಿತ್ತು. ಕಾಕಾನಿಗೂ ಕಂಡಿರುತ್ತದೆಂದು ಸುಮ್ಮನಿದ್ದೆ. ಬಸ್ಸು ಹೋಗುತ್ತಲೇ ಇತ್ತು. ತೀರ ಹತ್ತಿರ ಬಂದಮೇಲೆ ಒಮ್ಮೆಲೇ ಬ್ರೇಕ್ ಬಿತ್ತು. ಕಬ್ಬಿನ ತುದಿಗಳು ಮುಂದಿನ ಗಾಜಿಗೆ ಬಂದು ತಾಗಿದವು. ಯಾರಿಗೂ ಏನೂ ಆಗಲಿಲ್ಲ. ಮಕ್ಕಳು ಇದೂ ಒಂದು ಆಟವೆಂದು ಮತ್ತೆ 'ಮ್ಯಾ' ಎಂದರು.

ಕಾಕಾ ಬಸ್ಸನ್ನು ಹಿಂದಕ್ಕೆ ತೆಗೆದು, ರಸ್ತೆಯ ಪಕ್ಕದ ಬಯಲಿಗೆ ಇಳಿಸಿ, ಬಂದ್ ಮಾಡಿದರು.

"ಅಕ್ಕಾರ, ನಿಮಗ ಅದು ಎಲ್ಲಿಂದ ಕಂಡಿತ್ತು?"

"ಆ ಬೇವಿನ ಗಿಡದ ಹತ್ರ ಇದ್ದಾಗನ ಕಂಡಿತ್ರಿ."

ಅವರು ತಿರುಗಿ ಬೇವಿನ ಗಿಡದ ಕಡೆ ನೋಡಿದರು. ಅದು ಕಂಡಿತೋ ಇಲ್ಲವೋ.

"ನನಗ ಕಬ್ಬು ಗಾಜಿಗೆ ಬಂದಾಗ ಕಂಡ್ತು." ಕೀಲಿ ತೆಗೆದು ನನ್ನ ಕೈಯಲ್ಲಿಟ್ಟರು. "ಇಟ್ಕೊಳ್ರಿ. ನಾ ಬೇಡಿದ್ರೂ ಕೊಡಬ್ಯಾಡ್ರಿ."

ಶಾಲೆಗೆ ಫೋನ್ ಮಾಡಿದೆ. ಬೇರೆ ಡ್ರೈವರ್ ಬರಲು ತಡವಾಗುತ್ತದೆ ಎಂದರು ಮುಖ್ಯಗುರುಗಳು. "ಪರೀಕ್ಷಾ ಐತ್ರಿ ಮೇಡಂ. ಇಷ್ಟು ವರ್ಷ ಓಡಿಸಿದವರಿಗೆ ಇವತ್ತೇನಾತು? ಸಾವಕಾಶ ತರ್ರಿ ಅಂತ ಹೇಳ್ರಿ." ನಾನು 'ಹೂಂರಿ' ಎಂದು ಫೋನಿಟ್ಟೆ. ಹತ್ತನೆಯವರು ಪುಸ್ತಕ ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ಮಂಜು ಕರಗುತ್ತ ಬಂತು.

ಕಾಕಾ ಎದ್ದು ಬಂದರು. "ಬಿಸಲು ಬಿತ್ತು. ಈಗ ಕಾಣತೈತಿ. ಹುಡುಗ್ರ ಪರೀಕ್ಷಾ ಹೋಗತೈತಿ, ಅಕ್ಕಾರ. ಕೊಡ್ರಿ."

ಅವರು ಕೈ ಚಾಚಿದ್ದರು. ನಾನು ಬ್ಯಾಗನ್ನು ಎದೆಗವಚಿಕೊಂಡೆ.

"ಇಲ್ರಿ ಕಾಕಾ," ಎಂದೆ. ದನಿ ಹೊರಗೆ ಬಂದದ್ದು ನನಗೇ ನಂಬಿಕೆಯಾಗಲಿಲ್ಲ.

ಕಾಕಾ ಚಾಚಿದ ಕೈಯನ್ನು ಅಂಗಿಗೆ ಒರೆಸಿಕೊಂಡು, "ಛಲೋ ಆತು" ಎಂದು ಹೋಗಿ ಮಕ್ಕಳ ನಡುವೆ ಕೂತರು. ನಾನು ಶಾಲೆಗೆ ಮತ್ತೆ ಫೋನ್ ಮಾಡಿ, ತಡವಾದರೂ ಬೇರೆ ಡ್ರೈವರನ್ನೇ ಕಳಿಸಲು ಹೇಳಿದೆ. ಅವನು ಬಂದಾಗ ಕೀಲಿ ನನಗೆ ಸಿಗಲಿಲ್ಲ. ಬ್ಯಾಗೆಲ್ಲ ಸುರುವಿ, ಕಡೆಗೆ ಊಟದ ಡಬ್ಬಿ ತೆರೆದರೆ ಚಪಾತಿಯ ನಡುವೆ ಮಲಗಿತ್ತು. ಕದ್ದುಕೊಂಡು ಹೋಗುತ್ತಾರೇನೋ ಎಂಬಂತೆ ಅಲ್ಲಿ ಬಚ್ಚಿಟ್ಟವಳು ನಾನೇ. ಪರೀಕ್ಷೆ ತಡವಾಗಿ ಶುರುವಾಯಿತು. ನನಗೆ ಬೈಗುಳ ಸಿಕ್ಕಿತು. ಅದನ್ನು ನಿಂತು ಕೇಳುವುದು ಅಂದು ಅಷ್ಟೇನೂ ಕಷ್ಟವಾಗಲಿಲ್ಲ.

ಜಮಖಂಡಿಯ ಕಣ್ಣಿನ ಡಾಕ್ಟರು ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ಕೆಡಿಸಿದೆ, ಇದ್ದಷ್ಟನ್ನು ಉಳಿಸಿಕೊಳ್ಳಬೇಕು ಎಂದರು. ನಾನು ಮುಖ ಸಣ್ಣ ಮಾಡಿಕೊಂಡು ನೋಡಲು ಹೋದರೆ ಕಾಕಾನೇ ಸಮಾಧಾನ ಹೇಳಿದರು. "ಹೊಲದ ತುಂಬ ಕಬ್ಬು ಬೆಳದಾವಗ ಸಕ್ಕರಿ ಬರಲಾರದ ಏನು ಬರತೈತ್ರಿ?" ಬಸ್ಸನ್ನು ಅವರು ಮತ್ತೆ ಓಡಿಸಲಿಲ್ಲ, ಕಣ್ಣು ಮಾತ್ರ ಮಂದವಾಗುತ್ತಲೇ ಹೋಯಿತು.

ಕಾಕಾ ಹೋಗಿ ವರ್ಷದ ಮೇಲಾಯಿತು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರನ್ನು ಅವರ ಹೊಲದಲ್ಲೇ ಮಣ್ಣು ಮಾಡಿದರು. ಆ ದಿನದ್ದು ನನಗೆ ಹೆಚ್ಚು ನೆನಪಿಲ್ಲ. ನೆನಪಿರುವುದು ಅದಕ್ಕೆ ಮೊದಲಿನ ಭಾನುವಾರ.

ಅಂದು ಅಪ್ಪ ನೇಯ್ದ ಹೊಸ ಸೀರೆ ಉಟ್ಟು ಅವರ ಹೊಲದ ಮನೆಗೆ ಹೋಗಿದ್ದೆ. ಕಬ್ಬಿಗೆ ನೀರು ಎಲ್ಲಿಗೆ ಮುಟ್ಟಿದೆ ನೋಡೋಣ ಬರ್ರಿ ಎಂದರು ಕಾಕಾ. ನಾನು ಅವರ ಕೈ ಹಿಡಿದು ಬದುವಿನ ಮೇಲೆ ನಡೆಸಿಕೊಂಡು ಹೊರಟೆ. "ಇಲ್ಲಿ ಕಲ್ಲೈತ್ರಿ, ಇಲ್ಲಿ ತಗ್ಗೈತ್ರಿ" ಎಂದು ಹೇಳುತ್ತ ಹೇಳುತ್ತ ನಾನೇ ಜಾರಿ ನೀರಿನ ಕಾಲುವೆಗೆ ಬಿದ್ದೆ. ಕೈ ಬಿಡಬೇಕೆಂಬುದು ಹೊಳೆಯಲಿಲ್ಲ, ಕಾಕಾನನ್ನೂ ಎಳೆದುಕೊಂಡೇ ಬಿದ್ದೆ. ಎರೆಮಣ್ಣಿನ ಕೆಸರಿನಲ್ಲಿ ಇಬ್ಬರೂ ಕೂತೆವು. ಕಾಕಾ ಮೊದಲು ತಮ್ಮ ಮೊಣಕೈ ಮುಟ್ಟಿ ನೋಡಿಕೊಂಡರು.

"ಅಕ್ಕಾರ, ನೀವು ನನ್ನ ಹಿಡ್ಕೊಂಡಿದ್ರೋ, ನಾ ನಿಮ್ಮನ್ನ ಹಿಡ್ಕೊಂಡಿದ್ನೋ?"

"ಗೊತ್ತಿಲ್ರಿ ಕಾಕಾ."

ಅವರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸದ್ದು ಕೇಳಿ ಸಿದ್ದವ್ವ ಕಾಕು ಓಡಿ ಬಂದರು. ನಮ್ಮಿಬ್ಬರನ್ನೂ ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಅವರಿಗೆ ಕಣ್ಣಿಲ್ಲ. ನಿಮಗೇನಾಗಿತ್ರಿ ಅಕ್ಕಾರ?" ಎಂದರು. "ಇಬ್ಬರೂ ಅಲ್ಲೇ ನಿಂದರ್ರಿ. ಮನಿಯೊಳಗ ಕಾಲಿಡಬ್ಯಾಡ್ರಿ. ನೀರು ತರತೀನಿ."

ಅವರು ಕೊಡ ತರಲು ಹೋದರು. ನಾವು ಬಿಸಿಲಿನಲ್ಲಿ ಪಕ್ಕಪಕ್ಕ ನಿಂತೆವು. ನನಗೆ ಮತ್ತೆ ನಗು ಬಂತು.

"ನಗಬ್ಯಾಡ್ರಿ," ಎಂದರು ಕಾಕಾ ಪಿಸುದನಿಯಲ್ಲಿ, "ಆಕಿ ನೋಡ್ತಾಳ."